ಮಾಸು ಪೂರ್ಣ

ಹೆರಿಗೆ ವಾರ್ಡಿನಲ್ಲಿ ಬೆಳಗಿನ ಹತ್ತೂವರೆ ಎಂದರೆ ಚಹಾದ ಹೊತ್ತು. ಚಹಾ ಕುಡಿಯಲು ಎರಡು ನಿಮಿಷ ಸಾಕು, ಅದು ಆರಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೈಕಟ್ಟಿ ಕೂರುವ ಜಾಯಮಾನ ಅಲ್ಲಿನ ದಾದಿಯರದ್ದಲ್ಲ. ಒಬ್ಬಳು ಹತ್ತಿಯ ಉಂಡೆ ಕಟ್ಟುತ್ತಿದ್ದಳು. ಒಬ್ಬಳು ಮಕ್ಕಳ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಕತ್ತರಿಸುತ್ತಿದ್ದಳು. ಮತ್ತೊಬ್ಬಳು ಹೆರಿಗೆ ಹಾಳೆಗಳ ಕಟ್ಟನ್ನು ಎಳೆದುಕೊಂಡು, ಒಂದೊಂದು ಹಾಳೆಯ ಕೆಳಗೂ ಒಂದೇ ಸಾಲು ಬರೆಯುತ್ತಾ ಹೋಗುತ್ತಿದ್ದಳು: "ಮಾಸು ಪೂರ್ಣ. ರಕ್ತಸ್ರಾವ ಸಾಧಾರಣ." ಅದರ ಪಕ್ಕದಲ್ಲಿ 'ಪರೀಕ್ಷಿಸಿದವರು' ಎಂಬ ಚೌಕದೊಳಗೆ ಒಂದು ಪುಟ್ಟ ಸಹಿ.

ಮಗು ಹುಟ್ಟಿದ ಮೇಲೆ ಮಾಸು ಬೀಳುತ್ತದೆ. ಬಿದ್ದ ಮಾಸನ್ನು ತಟ್ಟೆಯಲ್ಲಿ ಹರಡಿ, ತೊಳೆದು, ತಿರುವಿ, ಎಲ್ಲಾದರೂ ತುಂಡು ಕಿತ್ತುಹೋಗಿದೆಯೇ ಎಂದು ನೋಡಬೇಕು. ಒಂದು ತುಂಡು ಒಳಗೇ ಉಳಿದರೂ ಗರ್ಭಕೋಶ ಮುದುಡಿ ಗಟ್ಟಿಯಾಗುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಇದು ದಾದಿಯರಿಗೆ ಮೊದಲ ವರ್ಷದ ಪಾಠ. ಆದರೆ ಪಾಠ ಹೇಳಿಕೊಟ್ಟವರು ಒಂದು ಮಾತು ಹೇಳಿಕೊಡಲಿಲ್ಲ. ಮಾಸು ನೋಡುವ ಹೊತ್ತಿಗೆ ಎರಡೂ ಕೈ ರಕ್ತದಲ್ಲಿರುತ್ತವೆ, ಪೆನ್ನು ಎಲ್ಲಿದೆಯೋ ಗೊತ್ತಿರುವುದಿಲ್ಲ, ಪಕ್ಕದ ಮಂಚದವಳು ಆಗಲೇ ಕೂಗತೊಡಗಿರುತ್ತಾಳೆ. ಹಾಗಾಗಿ ಆ ಸಾಲನ್ನು ಮುಂಚೆಯೇ ಬರೆದಿಡುವ ರೂಢಿ ಬೆಳೆದಿತ್ತು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಮಾಸು ಪೂರ್ಣವಾಗಿಯೇ ಬರುತ್ತಿತ್ತು. ಆದ್ದರಿಂದ ಅದು ಸುಳ್ಳು ಎಂದು ಯಾರಿಗೂ ಅನಿಸಿರಲಿಲ್ಲ.

ಆ ಮಂಗಳವಾರ ಹಾಳೆ ಬರೆಯುತ್ತಿದ್ದವಳನ್ನು ವಾರ್ಡಿನವರು ಚಿಕ್ಕಕ್ಕ ಎನ್ನುತ್ತಿದ್ದರು. ಅವಳಿಗೆ ಆ ಹೆಸರು ಬಂದದ್ದು ದೊಡ್ಡಕ್ಕನಿಂದ. ಹಿರಿಯ ದಾದಿ ದೊಡ್ಡಕ್ಕ. ಹನ್ನೊಂದು ವರ್ಷದಿಂದ ಅವಳ ಬೆನ್ನಿಗೆ ಅಂಟಿಕೊಂಡಂತೆ ಓಡಾಡುವವಳು ಚಿಕ್ಕಕ್ಕ. ಹೊಸದಾಗಿ ಸೇರಿದಾಗ ರಕ್ತ ಕಂಡು ತಲೆಸುತ್ತಿ ಬಿದ್ದ ಹುಡುಗಿಯನ್ನು ಎಬ್ಬಿಸಿ ನೀರು ಕುಡಿಸಿದವಳು ದೊಡ್ಡಕ್ಕ. ಬಾಣಂತಿಯ ಹೊಟ್ಟೆಯ ಮೇಲೆ ಇವಳ ಅಂಗೈ ಇಟ್ಟು, "ಇಲ್ಲಿ, ಹೊಕ್ಕುಳ ಹತ್ರ. ಮುಷ್ಟಿ ಬಿಗಿದ ಹಾಗೆ ಗಟ್ಟಿ ಸಿಗಬೇಕು. ಮೆತ್ತಗಿದ್ರೆ ಕೈ ತೆಗೀಬೇಡ, ಉಜ್ಜುತ್ತಲೇ ಕೂಗು," ಎಂದು ಕಲಿಸಿದವಳೂ ಅವಳೇ. ಮುಂದೆ ಚಿಕ್ಕಕ್ಕನ ಮಗಳು ಹುಟ್ಟಿದ್ದೂ ಅದೇ ಕೈಗಳಲ್ಲಿ. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಆಯಾ ನಗೆಯಾಡುತ್ತಿದ್ದಳು.

"ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣೇ," ಎಂದಳು ದೊಡ್ಡಕ್ಕ, ಭುಜದ ಮೇಲಿಂದ ಬಗ್ಗಿ ನೋಡುತ್ತಾ. "ನಾನು ಬರೆದ್ರೆ ಡಾಕ್ಟರಮ್ಮ ಅದನ್ನ ಔಷಧಿ ಚೀಟಿ ಅಂದ್ಕೊಂಡು ಅಂಗಡಿಗೆ ಕಳಿಸಿಬಿಡ್ತಾರೆ."

"ನಾಳೆ ಸನ್ಮಾನದ ಹೊತ್ತಿಗೆ ಭಾಷಣ ಬರೆದುಕೊಡಲಾ ಅಕ್ಕ?"

"ಭಾಷಣ ಬೇಡ, ಧೈರ್ಯ ಇದ್ರೆ ಸ್ವಲ್ಪ ಕೊಡು," ಎಂದು ದೊಡ್ಡಕ್ಕ ನಕ್ಕಳು. ಮರುದಿನ ಮಧ್ಯಾಹ್ನ ಎರಡೂವರೆಗೆ ಆಸ್ಪತ್ರೆಯ ಕೆಳಗಿನ ಸಭಾಂಗಣದಲ್ಲಿ ಅವಳ ಇಪ್ಪತ್ತೈದು ವರ್ಷದ ಸೇವೆಗೆ ಸನ್ಮಾನವಿತ್ತು. ಹೊಗಳುವವರ ಪಟ್ಟಿ ಉದ್ದವಿತ್ತು. ಅವಳಿಗಿಂತ ಹೆಚ್ಚು ಹಿಗ್ಗಿದವಳು ಚಿಕ್ಕಕ್ಕ.

ಮರುದಿನ ಚಿಕ್ಕಕ್ಕನಿಗೆ ಮಧ್ಯಾಹ್ನದ ಪಾಳಿ. ಎರಡಕ್ಕೆ ಬರಬೇಕಾದವಳು ರೂಢಿಯಂತೆ ಒಂದೂವರೆಗೇ ಬಂದಳು. ಹೆರಿಗೆ ಕೋಣೆಯಲ್ಲಿ ಆಗಷ್ಟೇ ಒಂದು ಹೆಣ್ಣು ಮಗು ಹುಟ್ಟಿ ಗಂಟಲು ಕಿತ್ತುಹೋಗುವಂತೆ ಅಳುತ್ತಿತ್ತು. ತಾಯಿ ಹೊಲಿಗೆ ಕೆಲಸದವಳು, ಚೊಚ್ಚಲ ಬಾಣಂತಿ. "ಮಗು ಎತ್ತಿಕೋ, ತೂಕ ನೋಡು," ಎಂದಳು ದೊಡ್ಡಕ್ಕ. ಚಿಕ್ಕಕ್ಕ ಮಗುವನ್ನು ಒರೆಸಿ, ತೂಗಿ, ಬಟ್ಟೆ ಸುತ್ತುವಷ್ಟು ಹೊತ್ತು ಮಂಚಕ್ಕೆ ಬೆನ್ನು ಹಾಕಿ ನಿಂತಿದ್ದಳು. ಹಿಂದಿನಿಂದ ಮಾಸು ಬಿದ್ದ ಸದ್ದು, ತಟ್ಟೆಯ ಸದ್ದು, ನಲ್ಲಿಯ ಸದ್ದು ಕೇಳಿಸಿತು. ತಿರುಗಿದಾಗ ತಟ್ಟೆ ಖಾಲಿಯಾಗಿತ್ತು. ಆಯಾ ಬಕೆಟ್ಟಿನ ಮುಚ್ಚಳ ಹಾಕುತ್ತಿದ್ದಳು.

ಎರಡು ಗಂಟೆಗೆ ಪಾಳಿ ಬದಲಾಯಿತು. ದೊಡ್ಡಕ್ಕ ಆಗಲೇ ಸಮವಸ್ತ್ರ ಬಿಚ್ಚಿ ಹೊಸ ಬಟ್ಟೆ ಉಟ್ಟಿದ್ದಳು. "ಮೂರನೇ ಮಂಚ. ಹೆಣ್ಣು ಮಗು. ಮಾಸು ಪೂರ್ಣ, ಗರ್ಭಕೋಶ ಗಟ್ಟಿ. ಏನೂ ಯೋಚನೆ ಇಲ್ಲ, ನೀನು ನಿಶ್ಚಿಂತೆಯಾಗಿರು," ಎಂದಳು. ಚಿಕ್ಕಕ್ಕ ಅವಳ ಸೆರಗು ಸರಿಮಾಡಿ ಕಳಿಸಿದಳು. ದೊಡ್ಡಕ್ಕನ ಮಾತಿನ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡುವುದೆಂದರೆ ಅವಳಿಗೆ ಹೆತ್ತ ತಾಯಿ ಬಡಿಸಿದ ಅನ್ನವನ್ನು ಮೂಸಿ ನೋಡಿದ ಹಾಗೆ. ಹಾಳೆಯ ಕೆಳಗೆ ಬರೆದ ಸಾಲು ಇದ್ದೇ ಇತ್ತು. ಅದು ತನ್ನದೇ ಕೈಬರಹ ಎಂಬುದು ಕೂಡ ಆಗ ಅವಳ ಗಮನಕ್ಕೆ ಬರಲಿಲ್ಲ.

ಎರಡೂವರೆ ದಾಟಿರಬೇಕು. ಮೂರನೇ ಮಂಚದವಳು ಕರೆದಳು. "ಸಿಸ್ಟರ್, ಕೆಳಗೆ ಬೆಚ್ಚಗೆ ಹರೀತಿರೋ ಹಾಗಿದೆ."

"ಬಾಣಂತಿ ಅಂದ್ಮೇಲೆ ಹರಿಯುತ್ತೆ ಕಣಮ್ಮಾ. ಸುಮ್ನಿರು, ಸಿಸ್ಟರ್‌ಗೆ ನೂರು ಕೆಲಸ," ಎಂದಳು ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅತ್ತೆ.

ಚಿಕ್ಕಕ್ಕ ಹೊದಿಕೆ ಸರಿಸಿದಳು. ಬಟ್ಟೆ ತೊಯ್ದು ರಬ್ಬರ್ ಹಾಸಿನ ಮೇಲೆ ರಕ್ತ ಮಡುಗಟ್ಟಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟಳು. ಮುಷ್ಟಿಯ ಹಾಗೆ ಸಿಗಬೇಕಾದದ್ದು ನಾದಿದ ಹಿಟ್ಟಿನ ಹಾಗೆ ಬೆರಳಡಿ ಜಾರಿತು. ಅವಳು ಉಜ್ಜುತ್ತಲೇ ಕೂಗಿದಳು. ಆಮೇಲೆ ನಡೆದದ್ದರಲ್ಲಿ ಅವಳ ಕೈ ಎಲ್ಲೂ ತಪ್ಪಲಿಲ್ಲ. ಎರಡೂ ತೋಳಿಗೆ ಡ್ರಿಪ್ ಏರಿಸಿದಳು, ಗರ್ಭಕೋಶ ಮುದುಡಲು ಚುಚ್ಚುಮದ್ದು ಕೊಟ್ಟಳು, ಮೂತ್ರ ತುಂಬಿ ಒತ್ತುತ್ತಿರಬಹುದೆಂದು ನಳಿಕೆ ಹಾಕಿ ಖಾಲಿ ಮಾಡಿದಳು, ಮೈಗೆ ಎರಡು ಕಂಬಳಿ ಹೊದಿಸಿದಳು, ತೊಯ್ದ ಬಟ್ಟೆಗಳನ್ನು ಎಸೆಯಬೇಡ, ತೂಗಿ ಬರೆ ಎಂದು ಜೊತೆಯವಳಿಗೆ ಹೇಳಿದಳು, ರಕ್ತದ ಗುಂಪು ನೋಡಲು ಆಯಾಳನ್ನು ಓಡಿಸಿದಳು. ಉಜ್ಜಿದಾಗ ಗಟ್ಟಿಯಾಗುತ್ತಿತ್ತು, ಕೈ ತೆಗೆದರೆ ಮತ್ತೆ ಮೆತ್ತಗೆ.

ಕೆಳಗಿನ ಸಭೆಯಿಂದ ಡಾಕ್ಟರಮ್ಮ ಏದುಸಿರು ಬಿಡುತ್ತಾ ಬಂದರು. ಮೊದಲ ಪ್ರಶ್ನೆಯೇ ಅದು: "ಮಾಸು ಪೂರ್ಣ ಬಂದಿದೆಯಾ?"

"ಪೂರ್ಣ, ಡಾಕ್ಟರಮ್ಮ," ಎಂದಳು ಚಿಕ್ಕಕ್ಕ. ಡಾಕ್ಟರಮ್ಮ ಹಾಳೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರು.

ಮಾಸು ಪೂರ್ಣ ಬಂದಿದ್ದರೆ ಒಳಗೆ ಕೈಹಾಕಿ ಹುಡುಕುವ ಅಗತ್ಯವಿಲ್ಲ, ಗರ್ಭಕೋಶ ಸುಸ್ತಾಗಿದೆ ಅಷ್ಟೇ. ಅದಕ್ಕೆ ಮದ್ದಿದೆ. ಒಂದು ಮದ್ದು ಕೊಟ್ಟು ಕಾದರು, ಇನ್ನೊಂದು ಕೊಟ್ಟು ಕಾದರು. ಹೀಗೆ ಐವತ್ತು ನಿಮಿಷ ಹೋಯಿತು. ಕೊನೆಗೆ ಡಾಕ್ಟರಮ್ಮನಿಗೇ ಅನುಮಾನ ಬಂದು ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ದು ಒಳಗೆ ಕೈಹಾಕಿ ನೋಡಿದರೆ, ಎರಡು ಬೆರಳಗಲದ ಮಾಸಿನ ತುಂಡು. ಅದನ್ನು ತೆಗೆಯುವ ಹೊತ್ತಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡು ನೀರಾಗಿತ್ತು. ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯದೆ ಬೇರೆ ದಾರಿ ಇರಲಿಲ್ಲ. ತೆಗೆದರು. ಜೀವ ಉಳಿಯಿತು.

ನಾಲ್ಕನೇ ದಿನ ಮೇಲಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಮೇಜಿನ ಆಚೆ ಮೇಲಧಿಕಾರಿ ಮತ್ತು ಡಾಕ್ಟರಮ್ಮ, ಈಚೆ ಇಬ್ಬರು ಅಕ್ಕಂದಿರು. ಚಿಕ್ಕಕ್ಕ ನಿರಾತಂಕವಾಗಿ ಕೂತಿದ್ದಳು. ದೊಡ್ಡಕ್ಕ ನೇರ ಮಾತಿನವಳು, ಗಡಿಬಿಡಿಯಲ್ಲಿ ತಪ್ಪಿತು ಎಂದು ಒಪ್ಪಿಕೊಳ್ಳುತ್ತಾಳೆ, ತಾನು ಅವಳ ಪರ ನಾಲ್ಕು ಮಾತು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೇ ಬಂದಿದ್ದಳು.

"ಮಾಸು ಪರೀಕ್ಷೆ ಮಾಡಿದವರು ಯಾರು?" ಎಂದರು ಮೇಲಧಿಕಾರಿ.

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡಳು. "ಹೆರಿಗೆ ಮಾಡಿಸಿದ್ದು ನಾನು ಸರ್. ಒಂದೂವರೆಗೆ ಇವಳು ಬಂದಳು. ಮಾಸು ನೋಡೋದನ್ನ ಇವಳಿಗೆ ಬಿಟ್ಟೆ. ಹಾಳೆ ನೋಡಿ. ಅಕ್ಷರ ಇವಳದ್ದು, ಸಹೀನೂ ಇವಳದ್ದೇ."

ಚಿಕ್ಕಕ್ಕ ದೊಡ್ಡಕ್ಕನ ಮುಖ ನೋಡಿದಳು. ದೊಡ್ಡಕ್ಕ ಮೇಜಿನ ಮೇಲಿದ್ದ ಹಾಳೆಯನ್ನೇ ನೋಡುತ್ತಿದ್ದಳು. ಮುತ್ತು ಪೋಣಿಸಿದಂಥ ಆ ಅಕ್ಷರ ಅಲ್ಲಿ ಸಾಕ್ಷಿ ಹೇಳುತ್ತಾ ಕೂತಿತ್ತು. ಮೇಲಧಿಕಾರಿ, "ಇದು ನಿಮ್ಮ ಸಹಿಯಾ?" ಎಂದರು. "ಹೌದು ಸರ್," ಎನ್ನದೆ ಗತಿಯಿರಲಿಲ್ಲ. "ಯೋಚಿಸಿ ಉತ್ತರ ಬರೆದು ತನ್ನಿ. ಎರಡು ದಿನ ಬಿಟ್ಟು ಹನ್ನೊಂದು ಗಂಟೆಗೆ ಬನ್ನಿ," ಎಂದು ಅವರು ಕಡತ ಮುಚ್ಚಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಕ್ಕಕ್ಕ ದೊಡ್ಡಕ್ಕನನ್ನು ಹಿಡಿದು ನಿಲ್ಲಿಸಿದಳು. ಜಗಳವಾಡಬೇಕು ಎಂದುಕೊಂಡು ಬಂದವಳಿಗೆ ಅಳು ಮುಂದಾಗಿ ಬಂತು. "ಏನಕ್ಕಾ ಇದು? ನನ್ನ ತಲೆಗೆ ಕಟ್ಟಿಬಿಟ್ರಲ್ಲ!"

"ಬಾಗಿಲು ಹಾಕು, ಕೂಗಬೇಡ," ಎಂದಳು ದೊಡ್ಡಕ್ಕ. "ನೋಡು, ನೀನು ಚಿಕ್ಕವಳು. ನಿನಗೆ ಒಂದು ಎಚ್ಚರಿಕೆ ಪತ್ರ ಕೊಡ್ತಾರೆ, ಮೂರು ತಿಂಗಳು ಬೇರೆ ವಾರ್ಡಿಗೆ ಹಾಕ್ತಾರೆ, ಆಮೇಲೆ ಎಲ್ಲರೂ ಮರೀತಾರೆ. ನನಗೆ ರಿಟೈರ್ ಆಗೋಕೆ ಉಳಿದಿರೋದು ಎರಡು ವರ್ಷ. ಅವತ್ತು ಹಾರ ಹಾಕಿದವರೇ ಇವತ್ತು ಮುಖಕ್ಕೆ ಉಗೀತಾರೆ. ಇಪ್ಪತ್ತೈದು ವರ್ಷ ಕಣೇ. ಒಂದು ಮಧ್ಯಾಹ್ನಕ್ಕೆ ಎಲ್ಲ ಗಾಳಿಗೆ ಹೋಗಬೇಕಾ?"

"ನನ್ನ ಹನ್ನೊಂದು ವರ್ಷ ಹೋದ್ರೆ ಪರವಾಗಿಲ್ವಾ?"

ದೊಡ್ಡಕ್ಕ ಬಾಗಿಲ ಚಿಲಕಕ್ಕೆ ಕೈಹಾಕಿದಳು.

"ಒಂದೇ ಒಂದು ಹೇಳಿಬಿಡಿ ಅಕ್ಕ. ಮಾಸು ನೋಡಿದ್ರಾ, ಇಲ್ವಾ?"

"ಗಡಿಬಿಡೀಲಿ ನೋಡೋಕಾಗ್ಲಿಲ್ಲ ಅಂದ್ಕೋ," ಎಂದು ದೊಡ್ಡಕ್ಕ ಬಾಗಿಲು ತೆಗೆದು ಹೊರಟುಹೋದಳು.

ಆ ಎರಡು ದಿನ ಚಿಕ್ಕಕ್ಕ ಅದೊಂದೇ ಮಾತನ್ನು ಹಿಡಿದುಕೊಂಡು ಬದುಕಿದಳು. ನೋಡಲಿಲ್ಲ, ಅಷ್ಟೇ. ಗಡಿಬಿಡಿ. ತಾನೂ ಎಷ್ಟೋ ಸಲ ಮೇಲೆ ಮೇಲೆ ಕಣ್ಣಾಡಿಸಿ ಬಿಟ್ಟಿರಬಹುದು. ತಪ್ಪು ಮಾಡಿ ಹೆದರಿದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ದೊಡ್ಡಕ್ಕನ ಕೈಗೆ ಸಿಕ್ಕಿದ್ದು ತಾನು. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡರೂ ಊಟದ ಹೊತ್ತಿಗೆ ಡಬ್ಬಿ ತೆರೆದು ಹಾಗೇ ಮುಚ್ಚಿಡುತ್ತಿದ್ದಳು.

ತಾನು ಪಾರಾಗಲು ಅವಳಿಗೆ ಇದ್ದದ್ದು ಒಂದೇ ದಾರಿ: ಆ ಸಾಲನ್ನು ಹೆರಿಗೆಗೆ ಮುಂಚೆಯೇ ಬರೆದಿಡುತ್ತೇವೆ ಎಂದು ಹೇಳುವುದು. ಅವಳು ಹಾಗೆ ಹೇಳಿಬಿಡಬಹುದು ಎಂಬ ಸುದ್ದಿ ಅವಳು ಬಾಯಿ ತೆರೆಯುವ ಮೊದಲೇ ವಾರ್ಡಿನಲ್ಲಿ ಹಬ್ಬಿತ್ತು.

"ನಿನ್ನ ಕಷ್ಟ ಅರ್ಥವಾಗುತ್ತೆ," ಎಂದಳು ಹತ್ತಿ ಉಂಡೆ ಕಟ್ಟುವವಳು. "ಆದ್ರೆ ಆ ಮಾತು ಹೇಳಿದ್ರೆ ಬರೋದು ನಮ್ಮೆಲ್ಲರ ಕುತ್ತಿಗೆಗೆ. ಹಳೇ ಹಾಳೆಗಳನ್ನೆಲ್ಲ ಕೆದಕ್ತಾರೆ. ಕೇಳಿದ್ರೆ ನಾವಂತೂ ಹಾಗೆ ಬರೆಯಲ್ಲ ಅಂತಲೇ ಹೇಳೋದು. ಆಮೇಲೆ ಬೇಜಾರು ಮಾಡ್ಕೋಬೇಡ."

ಎಷ್ಟು ವಿನಯದಿಂದ ಕೈಕೊಟ್ಟಳು ಎಂದು ಚಿಕ್ಕಕ್ಕನಿಗೆ ನಗು ಬರುವಂತಾಯಿತು. ಹನ್ನೊಂದು ವರ್ಷ ಇವರೆಲ್ಲರ ಪಾಳಿ ತುಂಬಿಕೊಟ್ಟಿದ್ದಳು, ಇವರ ಮಕ್ಕಳ ಜ್ವರಕ್ಕೆ ಓಡಿದ್ದಳು. ಈಗ ಎದುರು ಬಂದರೆ ಒಬ್ಬೊಬ್ಬರೂ ಏನೋ ಕೆಲಸ ನೆನಪಾದವರಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಇರಲಿ, ಸುಮ್ಮನೆ ಎಚ್ಚರಿಕೆ ಪತ್ರ ತೆಗೆದುಕೊಂಡು ಬಾಯಿಗೆ ಬೀಗ ಹಾಕಿಕೊಂಡರೆ ಮುಗಿಯಿತು ಎಂದು ಆರನೇ ದಿನ ಬೆಳಿಗ್ಗೆ ಅವಳು ಮನಸ್ಸು ಮಾಡಿದಳು. ಉತ್ತರವನ್ನೂ ಬರೆದಿಟ್ಟುಕೊಂಡಳು: "ನನ್ನ ಗಮನಕ್ಕೆ ಬಾರದೆ ತಪ್ಪಾಗಿದೆ, ಕ್ಷಮೆ ಇರಲಿ."

ಹತ್ತು ಗಂಟೆಗೆ ಮೂರನೇ ಮಂಚದ ಗಾಯದ ಪಟ್ಟಿ ಬದಲಿಸಬೇಕಿತ್ತು. ಹೊಲಿಗೆಯಾಕೆಯ ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ಅತ್ತೆ ಮಗುವನ್ನು ತಟ್ಟುತ್ತಾ ಯಾರಿಗೋ ಎಂಬಂತೆ ಗೊಣಗುತ್ತಿದ್ದಳು. "ನಾನು ನಾಲ್ಕು ಹೆತ್ತೆ. ನನ್ನ ಅತ್ತೆ ಆರು. ನಮ್ಮನೇಲಿ ಯಾರಿಗೂ ಹೀಗಾಗಿರಲಿಲ್ಲ. ನೋಡಿ ತರಬೇಕಿತ್ತು. ಮೊದಲೇ ದುರ್ಬಲ ಅಂತ ಅವರ ಮನೆಯವರಿಗೆ ಗೊತ್ತಿತ್ತೋ ಏನೋ, ಮುಚ್ಚಿಟ್ಟು ಕಳಿಸಿದ್ರು. ನನ್ನ ಮಗ ಇನ್ನು ಒಂದೇ ಹೆಣ್ಣಿಗೆ ತೃಪ್ತಿಪಡಬೇಕು."

ಹೊಲಿಗೆಯಾಕೆ ಅತ್ತೆಯ ಮಾತಿಗೆ ತಿರುಗಲಿಲ್ಲ. ಚಿಕ್ಕಕ್ಕನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ ಕೇಳಿದಳು. "ಸಿಸ್ಟರ್, ನನ್ನ ಗರ್ಭಕೋಶ ಹುಟ್ಟಿನಿಂದಲೇ ದುರ್ಬಲ ಆಗಿತ್ತಂತೆ, ಅದಕ್ಕೇ ಹೀಗಾಯ್ತಂತೆ. ಹಿರಿಯ ಸಿಸ್ಟರ್ ಬಂದು ಹೇಳಿಹೋದ್ರು. ನಿಜಾನಾ? ನೀವು ಹೇಳಿದ್ರೆ ನಂಬ್ತೀನಿ."

ಚಿಕ್ಕಕ್ಕನ ಕೈ ಅಲ್ಲೇ ನಿಂತಿತು. ಎರಡು ದಿನದಿಂದ ಅವಳು ತನಗಾದ ಮೋಸವನ್ನೇ ಎಣಿಸುತ್ತಿದ್ದಳು. ಈ ಮಂಚದ ಮೇಲೆ ಮಲಗಿದವಳು ಯಾರನ್ನು ನಂಬಿದ್ದಳು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ದೊಡ್ಡಕ್ಕನ ಸುಳ್ಳು ತನ್ನ ಮೇಲಷ್ಟೇ ಬಿದ್ದಿರಲಿಲ್ಲ, ಈ ಹೆಣ್ಣಿನ ಮೈಯ ಮೇಲೂ ಬಿದ್ದಿತ್ತು. ಜೇಬಿನಲ್ಲಿದ್ದ ತನ್ನ ಉತ್ತರವೂ ಅದೇ ಸುಳ್ಳಿನ ಮುಂದುವರಿಕೆ. ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಸುಳ್ಳು," ಎಂದಳು ಚಿಕ್ಕಕ್ಕ. "ನಿಮ್ಮ ಮೈಯಲ್ಲಿ ಯಾವ ದೋಷವೂ ಇರಲಿಲ್ಲ."

ಅತ್ತೆ ತಟ್ಟುವುದನ್ನು ನಿಲ್ಲಿಸಿದಳು. ಚಿಕ್ಕಕ್ಕ ಕೈಗವಸು ತೆಗೆದು ಮಂಚದ ಅಂಚಿನಲ್ಲಿ ಕೂತು, ನಡೆದದ್ದನ್ನು ಮೊದಲಿನಿಂದ ಹೇಳಿದಳು. ಮಾಸಿನ ತುಂಡು ಒಳಗುಳಿದದ್ದು, ಅದನ್ನು ಯಾರೂ ಸರಿಯಾಗಿ ನೋಡದೆ ಇದ್ದದ್ದು, ನೋಡುವ ಮೊದಲೇ ಪೂರ್ಣ ಎಂದು ಬರೆದಿಡುವ ತಮ್ಮ ರೂಢಿ, ಡಾಕ್ಟರಮ್ಮ ಕೇಳಿದಾಗ ತಾನು ಹೇಳಿದ ಒಂದು ಮಾತು, ಆ ಮಾತಿನಿಂದ ಹೋದ ಐವತ್ತು ನಿಮಿಷ.

"ಅಂದ್ರೆ, ಪೂರ್ಣ ಅಂತ ಹೇಳಿದವರು ನೀವು?"

"ನಾನೇ."

"ನೋಡದೆ?"

"ನೋಡದೆ."

ಹೊಲಿಗೆಯಾಕೆ ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟಳು. "ನನ್ನ ಜೀವ ಉಳಿಸಿದ್ದು ನೀವು ಅಂತ ನೋಡೋಕೆ ಬಂದವರಿಗೆಲ್ಲ ಹೇಳ್ತಿದ್ದೆ," ಎಂದಳು. ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು. "ನಾನು ಒಂದು ಅಂಗಿ ಹೊಲಿದು ಕೊಡೋ ಮುಂಚೆ ಒಳಮಗ್ಗಲು ತಿರುಗಿಸಿ ಒಂದೊಂದು ಹೊಲಿಗೆ ನೋಡ್ತೀನಿ ಸಿಸ್ಟರ್. ಅದು ಬರೀ ಅಂಗಿ."

ಚಿಕ್ಕಕ್ಕನಿಗೆ ಕ್ಷಮೆ ಕೇಳುವ ಮಾತು ಬಾಯಿಗೆ ಬಂದರೂ ಆ ಹೊತ್ತಿನಲ್ಲಿ ಅದು ತೀರಾ ಅಗ್ಗವಾಗಿ ಕಂಡು ನುಂಗಿಕೊಂಡಳು.

ಹೊಲಿಗೆಯಾಕೆ ಕುತ್ತಿಗೆ ತಿರುಗಿಸಿದಳು. "ಅತ್ತೇ, ಕೇಳಿಸ್ತಾ? ನನ್ನ ಮೈ ಸರಿಯಾಗೇ ಇತ್ತು. ನಮ್ಮಮ್ಮ ಏನೂ ಮುಚ್ಚಿಟ್ಟಿರಲಿಲ್ಲ."

ಆರು ದಿನ ಒಂದೇ ಸಮನೆ ಮಾತಾಡಿದ್ದ ಆ ಹೆಂಗಸು ಎದ್ದು ಮಗುವನ್ನು ಸೊಸೆಯ ತೋಳಿನ ಪಕ್ಕದಲ್ಲಿ ಮಲಗಿಸಿದಳು. ಸೊಸೆಯ ಕಣ್ಣನ್ನು ತನ್ನ ಕೈಯಿಂದಲೇ ಒರೆಸಿದಳು, ಒರಟಾಗಿ, ಪಾತ್ರೆ ಒರೆಸುವ ಹಾಗೆ. ಆಮೇಲೆ ಚಿಕ್ಕಕ್ಕನ ಕಡೆ ತಿರುಗಿದಳು. "ಇದನ್ನ ನಮಗೆ ಹೇಳಿದೆ, ಸರಿ. ಮೇಲಿನವರ ಮುಂದೆ ಹೇಳ್ತೀಯಾ?"

"ಹನ್ನೊಂದು ಗಂಟೆಗೆ ಕರೆದಿದ್ದಾರೆ."

"ನಾನೂ ಬರ್ತೀನಿ. ಬೇಡ ಅನ್ನೋರು ಯಾರಿದ್ದಾರೆ ನೋಡೋಣ."

ಬೇಡ ಎನ್ನಲು ಮೇಲಧಿಕಾರಿ ನೋಡಿದರು. ಅತ್ತೆ ಅಷ್ಟರಲ್ಲಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತಾಗಿತ್ತು. ದೊಡ್ಡಕ್ಕ ಮೊದಲೇ ಬಂದಿದ್ದಳು. ಆರು ದಿನದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವಳಂತೆ ಕಂಡಳು. ಆದರೂ ಚಿಕ್ಕಕ್ಕನಿಗೆ ಅವಳ ಪಕ್ಕದಲ್ಲಿ ಕೂರಲು ಮನಸ್ಸಾಗಲಿಲ್ಲ, ನಿಂತೇ ಮಾತಾಡಿದಳು.

"ಆ ಸಾಲು ಬರೆದಿದ್ದು ನಾನೇ ಸರ್. ಆದ್ರೆ ಹಿಂದಿನ ದಿನ ಬರೆದಿದ್ದು. ಆಗಿನ್ನೂ ಆಕೆ ಆಸ್ಪತ್ರೆಗೇ ಬಂದಿರಲಿಲ್ಲ. ನಾವೆಲ್ಲ ಹೀಗೇ ಬರೆಯೋದು. ನಂಬಿಕೆ ಇಲ್ದಿದ್ರೆ ವಾರ್ಡಿನ ಮೇಜಿನ ಮೇಲಿರೋ ಕಟ್ಟನ್ನ ತರಿಸಿ. ಇನ್ನೂ ಹುಟ್ಟದ ಮಕ್ಕಳ ಮಾಸು ಕೂಡ ಪೂರ್ಣ ಅಂತ ಬರೆದಿದೆ."

ಕಟ್ಟು ಬಂತು. ಏಳು ಹಾಳೆ, ತಾಯಿಯ ಹೆಸರಿಲ್ಲ, ದಿನಾಂಕವಿಲ್ಲ, ಏಳರಲ್ಲೂ ಅದೇ ಸಾಲು, ಹತ್ತಿ ಉಂಡೆ ಕಟ್ಟುವವಳ ದುಂಡಗಿನ ಅಕ್ಷರದಲ್ಲಿ. ಡಾಕ್ಟರಮ್ಮ ಒಂದೊಂದಾಗಿ ತಿರುವಿ ಹಾಕಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದನ್ನ ನೋಡಿ ನಾನು ಐವತ್ತು ನಿಮಿಷ ಕಾದೆ," ಎಂದರು. "ಕೇಳಿದ್ದು ನಾನು. ಕೈಹಾಕಿ ನೋಡದೆ ಇದ್ದವಳೂ ನಾನು."

"ನೋಡದೆ ಪೂರ್ಣ ಅಂದಿದ್ದು ನನ್ನ ತಪ್ಪು," ಎಂದಳು ಚಿಕ್ಕಕ್ಕ. "ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ. ಮಾಸು ನನ್ನ ಕೈಗೆ ಬರಲಿಲ್ಲ ಸರ್. ನಾನು ಮಗು ತೂಗ್ತಿದ್ದೆ. ದೊಡ್ಡಕ್ಕನಿಗೂ ಅವತ್ತು ಗಡಿಬಿಡಿ, ನೋಡೋಕೆ ಆಗಿಲ್ಲ. ಆ ಬಾಣಂತಿಯ ಗರ್ಭಕೋಶ ದುರ್ಬಲ ಅಂತ ಹೇಳಿರೋದು ಸುಳ್ಳು ಅಂತ ಮಾತ್ರ ದಯವಿಟ್ಟು ಬರೆಸಿ."

"ನಾನೂ ಒಂದು ಮಾತು ಹೇಳಬೇಕು," ಎಂದಳು ಅತ್ತೆ, ಕುರ್ಚಿಯಿಂದೆದ್ದು. ಅವಳು ಮೇಲಧಿಕಾರಿಯ ಕಡೆ ನೋಡಲಿಲ್ಲ, ದೊಡ್ಡಕ್ಕನ ಎದುರಿಗೇ ಹೋಗಿ ನಿಂತಳು. "ನೀವು ಬಂದು ಹೇಳಿದ್ರಿ, ನಾನು ನಂಬಿದೆ. ಇಷ್ಟು ದಿನ ಆ ಹುಡುಗಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಆಕೆ ಅಮ್ಮ ನೋಡೋಕೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದೆ. ರಕ್ತ ಬಸಿದುಹೋದ ಮೈ, ಎದುರು ಮಾತಾಡೋಕೂ ತ್ರಾಣ ಇರಲಿಲ್ಲ ಅವಳಿಗೆ. ಅಷ್ಟೂ ಪಾಪ ನನ್ನ ಕೈಲಿ ಮಾಡಿಸಿದ್ರಿ. ಒಂದು ಸಲ ಮಾಸು ನೋಡೋಕೆ ಎಷ್ಟು ಹೊತ್ತು ಬೇಕಾಗಿತ್ತು ನಿಮಗೆ?"

ದೊಡ್ಡಕ್ಕ ತಲೆ ಎತ್ತಿದಳು.

"ನೋಡಿದ್ದೆ," ಎಂದಳು.

ಯಾರಿಗೂ ಮೊದಲು ಅರ್ಥವಾಗಲಿಲ್ಲ.

"ನೋಡಿದ್ದೆ ಸರ್. ಒಂದು ಕಡೆ ತುಂಡು ಇರಲಿಲ್ಲ. ಎರಡು ಬೆರಳಿನಷ್ಟು. ಮಾಸು ತಾನಾಗಿ ಬಿಡೋವರೆಗೂ ನಾನು ಕಾಯಲಿಲ್ಲ. ಎರಡು ಗಂಟೆಯೊಳಗೆ ಮುಗಿಸಿ ಕೆಳಗೆ ಹೋಗಬೇಕು ಅಂತ ಹೊಕ್ಕುಳ ಬಳ್ಳಿ ಹಿಡಿದು ಎಳೆದೆ. ಕಿತ್ತುಹೋಯ್ತು. ಡಾಕ್ಟರಮ್ಮನಿಗೆ ಹೇಳಿದ್ರೆ ಎಳೆದಿದ್ದೂ ಗೊತ್ತಾಗುತ್ತೆ. ಒಂದು ಗಂಟೆಯೊಳಗೆ ನನಗೆ ಹಾರ ಹಾಕೋರಿದ್ರು. ಚಿಕ್ಕ ತುಂಡು, ರಕ್ತದ ಜೊತೆ ತಾನಾಗಿ ಹೋಗುತ್ತೆ ಅಂದ್ಕೊಂಡೆ. ಎಷ್ಟೋ ಸಲ ಹೋಗಿದೆ."

ತಪ್ಪನ್ನು ತನ್ನ ಮೇಲೆ ಹಾಕಿದಾಗಲೂ ಚಿಕ್ಕಕ್ಕನಿಗೆ ಇಷ್ಟು ನೋವಾಗಿರಲಿಲ್ಲ. ಎರಡು ದಿನ ಎದೆಗವಚಿಕೊಂಡಿದ್ದ ಒಂದೇ ಒಂದು ಸಮಾಧಾನ ಕೈಜಾರಿ ಹೋಗಿತ್ತು. ಗೊತ್ತಿದ್ದೂ, ಆ ಮಧ್ಯಾಹ್ನ ದೊಡ್ಡಕ್ಕ ತನ್ನ ಕಣ್ಣಲ್ಲಿ ಕಣ್ಣಿಟ್ಟು, ನಿಶ್ಚಿಂತೆಯಾಗಿರು ಎಂದಿದ್ದಳು.

"ನನಗಾದ್ರೂ ಹೇಳಬಹುದಿತ್ತಲ್ಲ," ಎಂದಳು ಚಿಕ್ಕಕ್ಕ. "ನಾನು ಅಲ್ಲೇ ಇದ್ದೆ. ಎರಡು ಹೆಜ್ಜೆ ದೂರದಲ್ಲಿ."

"ಹೇಳಬೇಕು ಅಂತ ಬಾಯಿಗೆ ಬಂತು," ಎಂದಳು ದೊಡ್ಡಕ್ಕ. "ಆದ್ರೆ ಹೇಳಿದ್ರೆ ನೀನು ಡಾಕ್ಟರಮ್ಮನಿಗೆ ಹೇಳಿಬಿಡ್ತಿದ್ದೆ. ನಾನೇ ಕಲಿಸಿದವಳಲ್ವಾ, ನನಗೆ ಗೊತ್ತಿತ್ತು."

ಮೇಲಧಿಕಾರಿ ಪೆನ್ನು ತೆಗೆದುಕೊಂಡು, "ಇದನ್ನೆಲ್ಲ ಬರೆದುಕೊಡ್ತೀರಾ?" ಎಂದರು. ದೊಡ್ಡಕ್ಕ ತಲೆಯಾಡಿಸಿದಳು. ಕಾಗದ ಮುಂದಕ್ಕೆ ಬಂತು. ಅವಳು ಬರೆದಳು, ಸಹಿ ಹಾಕಿದಳು. ಮುಂದಿನ ಕ್ರಮ ಏನು ಎಂದು ತಿಳಿಸುತ್ತೇವೆ, ಅಲ್ಲಿಯವರೆಗೆ ಇಬ್ಬರೂ ಹೆರಿಗೆ ಕೋಣೆಯ ಕೆಲಸಕ್ಕೆ ಬರಬೇಡಿ, ವಾರ್ಡಿನ ಕೆಲಸವಷ್ಟೇ ನೋಡಿಕೊಳ್ಳಿ ಎಂದರು ಮೇಲಧಿಕಾರಿ. ಮುಂಚೆ ಬರೆದ ಏಳು ಹಾಳೆಗಳನ್ನು ಡಾಕ್ಟರಮ್ಮ ಯಾರಿಗೂ ಕೊಡದೆ ತಮ್ಮ ಚೀಲದಲ್ಲಿ ಹಾಕಿಕೊಂಡರು.

ಹೊರಗೆ ಬಂದಾಗ ಅತ್ತೆ ಕಾಯುತ್ತಾ ನಿಂತಿದ್ದಳು. ದೊಡ್ಡಕ್ಕನಿಗೆ ಅವಳು ಒಂದೇ ಮಾತು ಹೇಳಿದಳು. "ನನಗೆ ಹೇಳಿದ್ದು ಸಾಲದು. ಮಲಗಿದಾಳಲ್ಲ, ಅವಳಿಗೆ ಹೇಳಿ. ನಿಮ್ಮ ಬಾಯಿಂದಲೇ." ಹಾಗೆಂದು ಕಾದು ನಿಲ್ಲದೆ ನಡೆದುಬಿಟ್ಟಳು.

ದೊಡ್ಡಕ್ಕ ಗೋಡೆಗೆ ಕೈಯಾನಿಸಿ ನಿಂತಳು. ಅಲ್ಲಿಂದ ಮೂರನೇ ಮಂಚಕ್ಕೆ ನಲವತ್ತು ಹೆಜ್ಜೆ ಇದ್ದಿರಬಹುದು. ಇಪ್ಪತ್ತೈದು ವರ್ಷ ಕಣ್ಣು ಮುಚ್ಚಿಕೊಂಡು ಓಡಾಡಿದ ದಾರಿ ಅದು.

"ನನಗೆ ಕಾಲೇ ಬರ್ತಿಲ್ಲ ಕಣೇ," ಎಂದಳು. "ಒಂದು ಸ್ವಲ್ಪ ಜೊತೆಗೆ ಬರ್ತೀಯಾ?"

ಚಿಕ್ಕಕ್ಕ ಅವಳನ್ನು ನೋಡಿದಳು. ತಲೆಸುತ್ತಿ ಬಿದ್ದಾಗ ಎತ್ತಿ ಕೂರಿಸಿದ ಕೈ, ಮಗಳನ್ನು ಮೊದಲು ಮುಟ್ಟಿದ ಕೈ. ಒಂದು ಕ್ಷಣ ಅವಳ ಕೈ ತಾನಾಗಿ ಮುಂದೆ ಹೋಯಿತು. ಆಮೇಲೆ ಹಿಂದಕ್ಕೆ ಬಂತು.

"ಇಲ್ಲ ಸಿಸ್ಟರ್," ಎಂದಳು. "ನೀವೊಬ್ಬರೇ ಹೋಗಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಅಕ್ಕ ಎಂದಿರಲಿಲ್ಲ. ಅದು ಇಬ್ಬರಿಗೂ ಕೇಳಿಸಿತು. ದೊಡ್ಡಕ್ಕ ಗೋಡೆ ಹಿಡಿದುಕೊಂಡು ನಡೆದಳು. ವಾರ್ಡಿನ ಬಾಗಿಲ ಗಾಜಿನಿಂದ ಚಿಕ್ಕಕ್ಕನಿಗೆ ಮೂರನೇ ಮಂಚ ಕಾಣುತ್ತಿತ್ತು. ಅತ್ತೆ ಎದ್ದು ತನ್ನ ಸ್ಟೂಲನ್ನು ಕಾಲಿನಿಂದ ಸರಿಸಿ ಮುಂದಕ್ಕೆ ಕೊಟ್ಟಳು. ದೊಡ್ಡಕ್ಕ ಕೂತಳು. ಮಲಗಿದ್ದವಳು ಮಗುವಿನ ಮೇಲಿದ್ದ ಕೈ ತೆಗೆಯದೆ ಅವಳ ಕಡೆಗೆ ಮುಖ ತಿರುಗಿಸಿದಳು.